ಸುರಂಗದಲ್ಲಿ ಮೊದಲೇ ಯಾರೋ ಕೂತಿದ್ದರು

ನಾವು ಹುಡುಕುತ್ತಿದ್ದದ್ದು ನಮ್ಮದೇ ಮದ್ದಿನ ಅಣುವನ್ನು. ಪ್ರೋಟೀನ್ ಹರಳನ್ನು ಅದರ ದ್ರಾವಣದಲ್ಲಿ ರಾತ್ರಿಯಿಡೀ ನೆನೆಸಿಟ್ಟಿದ್ದೆ. ಹರಳಿಗೆ ಎಕ್ಸ್-ರೇ ಹಾಯಿಸಿದಾಗ 1.9 ಆಂಗ್‌ಸ್ಟ್ರಾಮ್‌ನಷ್ಟು ಸೂಕ್ಷ್ಮವಾದ ಡೇಟಾ ಸಿಕ್ಕಿತು (ಒಂದು ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು). ಕೂಟ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಡಿಫರೆನ್ಸ್ ಮ್ಯಾಪ್ (ಡೇಟಾಕ್ಕೂ ನಮ್ಮ ಮಾದರಿಗೂ ಇರುವ ವ್ಯತ್ಯಾಸದ ನಕ್ಷೆ; ಮಾದರಿಯಲ್ಲಿ ಬಿಟ್ಟುಹೋದ ಎಲೆಕ್ಟ್ರಾನ್ ಹಸಿರು, ಹೆಚ್ಚಾಗಿ ಇಟ್ಟದ್ದು ಕೆಂಪು) ತೆರೆದರೆ, ಪ್ರೋಟೀನಿನ ಹೊಟ್ಟೆಯೊಳಗಿನ ಸುರಂಗದಲ್ಲಿ 3 ಸಿಗ್ಮಾಕ್ಕೂ ಮೇಲೆ, ಅಂದರೆ ಗದ್ದಲದಿಂದ ಎದ್ದು ಕಾಣುವಷ್ಟು, ಉದ್ದನೆಯ ಹಸಿರು ಮುದ್ದೆ. ಖುಷಿಗೆ ಕುರ್ಚಿಯಿಂದ ಎದ್ದೇಬಿಟ್ಟೆ.

ನಮ್ಮ ಅಣುವನ್ನು ಅದರೊಳಗೆ ತುರುಕಿದೆ. ತುರುಕಿದೆ ಅನ್ನೋದೇ ಸರಿಯಾದ ಮಾತು. ಅದರಲ್ಲಿ ಎರಡು ಉಂಗುರಗಳಿವೆ, ಮುದ್ದೆಯೋ ಪಡವಲಕಾಯಿಯ ಹಾಗೆ ಸಪೂರ. ರಿಫೈನ್ ಮಾಡಿದರೆ, ಅಂದರೆ ಮಾದರಿಯನ್ನು ಡೇಟಾಕ್ಕೆ ಹೊಂದಿಸಿದರೆ, ಉಂಗುರಗಳ ಸುತ್ತ ಕೆಂಪು ಬಂತು. ಅಂದರೆ, ಅಲ್ಲಿ ಇಲ್ಲದ ಎಲೆಕ್ಟ್ರಾನ್‌ಗಳನ್ನು ನಾನೇ ತಂದಿಟ್ಟಿದ್ದೆ. ಸುತ್ತಲಿನ ಅಮೈನೋ ಆಮ್ಲಗಳ ಬಿ-ಫ್ಯಾಕ್ಟರ್ (ಪರಮಾಣುಗಳು ಎಷ್ಟು ಅಲುಗಾಡುತ್ತವೆ ಅನ್ನೋ ಅಳತೆ) 25ರ ಆಸುಪಾಸು, ನನ್ನ ಅಣುವಿನದು 80. ಇಷ್ಟು ಅಂತರವಿದ್ದರೆ ಅಣು ಅಲ್ಲಿಲ್ಲ ಅನ್ನೋ ಅನುಮಾನ ಬರಬೇಕು. ಆದರೂ ಎರಡು ದಿನ ಮನಸ್ಸು ಒಪ್ಪಲಿಲ್ಲ.

ಕೊನೆಗೆ ಮದ್ದಿನಲ್ಲಿ ನೆನೆಸದ ಹರಳಿನ ಹಳೇ ಡೇಟಾ ತೆಗೆದೆ. ಅದರಲ್ಲೂ ಅದೇ ಹಸಿರು! ಇದನ್ನು ಮೊದಲ ದಿನವೇ ನೋಡಬಹುದಿತ್ತು, ಅಲ್ವಾ?

ಆಮೇಲೆ ಲ್ಯಾಬ್ ನೋಟ್‌ಬುಕ್ ಹಿಡಿದು ಕೂತೆ. ಪ್ರೋಟೀನಿಗೆ ಸೋಕಿದ್ದನ್ನೆಲ್ಲ ಬರೆದೆ: ಟ್ರಿಸ್, ಉಪ್ಪು, ಇಮಿಡಜೋಲ್, ಡಿಟಿಟಿ, ಅಮೋನಿಯಂ ಸಲ್ಫೇಟ್, ಹರಳನ್ನು ತಣ್ಣಗಾಗಿಸುವ ಮುಂಚೆ ಹಾಕಿದ ಗ್ಲಿಸರಾಲ್. ಸಾಮಾನ್ಯವಾಗಿ ಕಳ್ಳ ಇಂಥ ಪಟ್ಟಿಯಲ್ಲೇ ಸಿಗುತ್ತಾನೆ. ಹಿಂದೊಮ್ಮೆ ನಾನು ನೀರು ಅಂತ ಇಟ್ಟದ್ದು ಮೆಗ್ನೀಸಿಯಂ ಆಗಿತ್ತು. ಸುತ್ತ ಆರು ಆಕ್ಸಿಜನ್, ಎಲ್ಲವೂ 2.1 ಆಂಗ್‌ಸ್ಟ್ರಾಮ್ ದೂರದಲ್ಲಿ. ನೀರಾಗಿದ್ದರೆ ಪಕ್ಕದವರಿಂದ 2.8ರಷ್ಟು ದೂರ ಇರಬೇಕಿತ್ತು.

ಈ ಸಲ ಲ್ಯಾಬಿನವರೆಲ್ಲ ಪಿಇಜಿ (ಹರಳು ಬೆಳೆಸಲು ಬಳಸುವ, ಉದ್ದ ಸರಪಳಿಯಂಥ ಪಾಲಿಮರ್) ಇರಬೇಕು ಅಂದರು. ಉದ್ದನೆಯ ಡೆನ್ಸಿಟಿ ಕಂಡರೆ ಸುಮ್ನೆ ಪಿಇಜಿ ಅನ್ನೋದು ನಮ್ಮವರ ಅಭ್ಯಾಸ. ಆದರೆ ಹರಳು ಬೆಳೆದ ನನ್ನ ಹನಿಯಲ್ಲಿ ಪಿಇಜಿ ಹಾಕಿರಲೇ ಇಲ್ಲ. ಸುರಂಗದ ಗೋಡೆಯ ತುಂಬ ಲ್ಯೂಸಿನ್, ವ್ಯಾಲಿನ್, ಫಿನೈಲ್‌ಅಲನಿನ್, ಎಲ್ಲವೂ ನೀರಿಗೆ ಒಗ್ಗದ ಅಮೈನೋ ಆಮ್ಲಗಳು, ಎಣ್ಣೆಯ ನೆಂಟರು. ಮುದ್ದೆಯ ಒಂದು ತುದಿ ಮಾತ್ರ ಕವಲೊಡೆದು, ಒಂದು ಅರ್ಜಿನಿನ್‌ಗೂ ಒಂದು ಟೈರೋಸಿನ್‌ಗೂ ಕೈಚಾಚಿತ್ತು. ಎರಡು ಆಕ್ಸಿಜನ್ ಇರುವ ಕಾರ್ಬಾಕ್ಸಿಲೇಟ್ ತಲೆ, ಕೊಬ್ಬಿನ ಬಾಲ. ಫ್ಯಾಟಿ ಆಸಿಡ್, ಅಂದರೆ ಕೊಬ್ಬಿನ ಆಮ್ಲ!

ನಾನಂತೂ ಕೊಬ್ಬು ಹಾಕಿರಲಿಲ್ಲ. ಹಾಕಿದ್ದು ಇ. ಕೋಲಿ. ಪ್ರೋಟೀನ್ ಬೆಳೆದದ್ದೇ ಆ ಬ್ಯಾಕ್ಟೀರಿಯಾದೊಳಗೆ, ಅಲ್ಲಿಂದಲೇ ಬುತ್ತಿ ಕಟ್ಟಿಕೊಂಡು ಬಂದಿತ್ತು. ಪ್ರೋಟೀನನ್ನು ಶುದ್ಧ ಮಾಡುವ ನಿಕ್ಕಲ್ ಕಾಲಮ್, ಜೆಲ್ ಫಿಲ್ಟ್ರೇಷನ್ ಎರಡನ್ನೂ ದಾಟಿದರೂ ಬಿಟ್ಟಿರಲಿಲ್ಲ. ಎಚ್‌ಎನ್‌ಎಫ್4 ಅನ್ನೋ ರಿಸೆಪ್ಟರ್‌ನಲ್ಲೂ 2002ರಲ್ಲಿ ಹೀಗೇ ಬ್ಯಾಕ್ಟೀರಿಯಾದ ಫ್ಯಾಟಿ ಆಸಿಡ್ ಸಿಕ್ಕಿತ್ತು.

ಕಣ್ಣಿನ ಸಾಕ್ಷಿ ಸಾಲದು ಅಂತ ಪ್ರೋಟೀನನ್ನು ಕ್ಲೋರೋಫಾರ್ಮ್-ಮೆಥನಾಲ್‌ನಲ್ಲಿ ಕುಲುಕಿ, ಅಣುಗಳ ತೂಕ ಹೇಳುವ ಮಾಸ್ ಸ್ಪೆಕ್‌ನ ನೆಗೆಟಿವ್ ಮೋಡ್‌ಗೆ ಕೊಟ್ಟೆ. 255.2ಕ್ಕೆ ದೊಡ್ಡ ಪೀಕ್, ಪಾಲ್ಮಿಟಿಕ್ ಆಸಿಡ್. 281.2ಕ್ಕೆ ಚಿಕ್ಕದೊಂದು, 18 ಕಾರ್ಬನ್, ಒಂದು ಡಬಲ್ ಬಾಂಡ್ ಇರುವ ಇನ್ನೊಂದು ಫ್ಯಾಟಿ ಆಸಿಡ್. ಮ್ಯಾಪ್ ತೋರಿಸುತ್ತಿದ್ದದ್ದು ಇವುಗಳ ಬೆರಕೆ. ನಾನು ಜಾಸ್ತಿ ಇದ್ದ ಪಾಲ್ಮಿಟೇಟನ್ನೇ (ಪಾಲ್ಮಿಟಿಕ್ ಆಸಿಡ್‌ನ ಅಯಾನು) ಮಾದರಿಯಲ್ಲಿ ಇಟ್ಟೆ, ಎರಡೂ ಸಿಕ್ಕಿದ್ದನ್ನು ಪ್ರೋಟೀನ್ ರಚನೆಗಳ ಸಾರ್ವಜನಿಕ ಸಂಗ್ರಹವಾದ ಪಿಡಿಬಿಗೆ ಕೊಡುವಾಗ ಬರೆದೆ.

ಈಗ ಕೊಬ್ಬು ತೆಗೆದ ಪ್ರೋಟೀನಿನಿಂದ ಹರಳು ಬೆಳೆಸಲು ನೋಡುತ್ತಿದ್ದೇನೆ. ಮೂರು ವಾರವಾಯಿತು. ಟ್ರೇ ತುಂಬ ಒಡೆದ ಹಾಲಿನಂಥ ಗಸಿ.