ಮನೆ ಕಾಯೋ ನಾಯಿ ಬೇಕಾ? ಮೊದಲು ಅದನ್ನ ಸರಪಳಿಯಿಂದ ಬಿಡಿ

ಹುಬ್ಬಳ್ಳಿ-ಧಾರವಾಡದಲ್ಲಿ ಈಗ ಊರ ಹೊರಗಿನ ಲೇಔಟ್‌ಗಳಲ್ಲಿ ಮನೆ ಕಟ್ಟಿಕೊಂಡವರು ಜಾಸ್ತಿ. ಅಕ್ಕಪಕ್ಕ ಖಾಲಿ ಸೈಟು, ಬೀದಿ ದೀಪ ಹತ್ತಿದರೆ ಹತ್ತಿತು, ಇಲ್ಲಾಂದ್ರೆ ಇಲ್ಲ. ಗೃಹಪ್ರವೇಶ ಮುಗಿದ ಕೂಡಲೇ ಬರುವ ಮಾತು ಒಂದೇ: ನಾಯಿ ಸಾಕೋಣ, ಮನೆ ಕಾಯುತ್ತದೆ. ಸರಿಯಾದ ಮಾತೇ. ಆದರೆ ಆಮೇಲೆ ಏನಾಗುತ್ತದೆ ನೋಡಿ, ಮರಿ ತರುತ್ತಾರೆ, ಗೇಟಿನ ಹತ್ತಿರ ಸರಪಳಿ ಹಾಕಿ ಕಟ್ಟುತ್ತಾರೆ, ಎರಡು ಹೊತ್ತು ರೊಟ್ಟಿ-ಹಾಲು ಹಾಕುತ್ತಾರೆ, ಅದು ಕಂಡಕಂಡವರ ಮೇಲೆ ಹಾರಾಡಿದರೆ "ಭಾರಿ ಚುರುಕೈತಿ" ಅಂತ ಖುಷಿ ಪಡುತ್ತಾರೆ. ಪಾಪ, ಅದು ಹೆದರಿ, ಬೇಸತ್ತು ಹಾರಾಡುತ್ತಿರುತ್ತದೆ. ಹಾಲಿನವನಿಗೂ ಕಳ್ಳನಿಗೂ ಒಂದೇ ಥರ ಬೊಗಳುವ ನಾಯಿಯ ಸದ್ದಿಗೆ ತಿಂಗಳಾದ ಮೇಲೆ ಮನೆಯವರೇ ಎದ್ದು ನೋಡುವುದಿಲ್ಲ.

ಮನೆ ನಾಯಿಯಿಂದ ನಮಗೆ ಬೇಕಾದದ್ದು ಇಷ್ಟೇ. ಹೊಸಬರು ಬಂದರೆ ಹೇಳಬೇಕು, ಸಾಕು ಅಂದರೆ ನಿಲ್ಲಿಸಬೇಕು. ಕಚ್ಚಿಸುವ ಯೋಚನೆಯನ್ನ ಇವತ್ತೇ ಬಿಡಿ.

ಯಾವ ನಾಯಿ ಅಂತ ಎಲ್ಲರೂ ಕೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ನಮ್ಮ ನಾಡನಾಯಿಗೆ ಸಾಟಿ ಇಲ್ಲ. ತನ್ನ ಜಾಗ ಯಾವುದು ಅಂತ ಅದಕ್ಕೆ ಯಾರೂ ಹೇಳಿಕೊಡಬೇಕಿಲ್ಲ, ಬಿಸಿಲು ತಡೆಯುತ್ತದೆ, ಸಣ್ಣ ಸದ್ದಿಗೂ ಕಿವಿ ನೆಟ್ಟಗಾಗುತ್ತದೆ. ಮುಧೋಳ ನಾಯಿ ನಮ್ಮ ಪಕ್ಕದ ಬಾಗಲಕೋಟೆ ಜಿಲ್ಲೆಯದು, 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂತು, ನಮಗೆಲ್ಲ ಹೆಮ್ಮೆಯೇ. ಆದರೆ ಅದು ಬೇಟೆ ನಾಯಿ, ಕಣ್ಣಿಗೆ ಓಡುವುದು ಬಿದ್ದರೆ ಬೆನ್ನು ಹತ್ತುತ್ತದೆ, ದಿನಾ ಓಡಲು ಬಯಲು ಬೇಕು. 30-40ರ ಸೈಟಿನ ಮನೆಯಲ್ಲಿ ಕಟ್ಟಿಹಾಕಿದರೆ ಅದಕ್ಕೆ ಅನ್ಯಾಯ. ಜರ್ಮನ್ ಶೆಫರ್ಡ್ ಬೇಗ ಕಲಿಯುತ್ತದೆ, ಆದರೆ ಗದಗಿನ ಏಪ್ರಿಲ್ ಬಿಸಿಲಲ್ಲಿ ಅದರ ದಪ್ಪ ಕೂದಲಿಗೆ ನೆರಳು, ನೀರು, ಫ್ಯಾನು ಬೇಕೇ ಬೇಕು. ರಾಟ್‌ವೈಲರ್ ಮೊದಲ ಸಲ ಸಾಕುವವರಿಗೆ ಬೇಡ. ಯಾವುದೇ ಇರಲಿ, ಎಂಟು ವಾರ ತುಂಬುವ ಮೊದಲು ಮರಿಯನ್ನ ತಾಯಿಯಿಂದ ಬಿಡಿಸಿ ತರಬೇಡಿ. ಆಗುವುದಾದರೆ ತಾಯಿಯನ್ನೂ ನೋಡಿ. ತಾಯಿ ಪುಕ್ಕಲಾಗಿದ್ದರೆ ಮರಿಯೂ ಹಾಗೇ ಆಗುವ ಸಾಧ್ಯತೆ ಜಾಸ್ತಿ.

ಇನ್ನು ಮುಖ್ಯ ವಿಷಯ. ಮೂರನೇ ವಾರದಿಂದ ಹದಿನಾಲ್ಕನೇ ವಾರದವರೆಗೆ ಮರಿ ಏನೇನು ನೋಡುತ್ತದೋ, ಕೇಳುತ್ತದೋ, ಅದು ಜೀವನಪೂರ್ತಿ ಅದಕ್ಕೆ ಮಾಮೂಲು ಅನ್ನಿಸುತ್ತದೆ. ಆಗ ಕಾಣದ್ದೆಲ್ಲ ಮುಂದೆ ಭಯ ಹುಟ್ಟಿಸುತ್ತದೆ. "ಕಾಯುವ ನಾಯಿ, ಯಾರ ಜೊತೆಗೂ ಬಿಡಬಾರದು" ಅಂತ ಮೂಲೆಯಲ್ಲಿ ಬೆಳೆಸುವವರು ಸರಿಯಾಗಿ ಉಲ್ಟಾ ಮಾಡುತ್ತಿದ್ದಾರೆ. ಮಾಮೂಲು ಯಾವುದು ಅಂತ ಗೊತ್ತಿದ್ದ ನಾಯಿಗೆ ಮಾತ್ರ ಮಾಮೂಲಲ್ಲದ್ದು ಗೊತ್ತಾಗುತ್ತದೆ, ಅಲ್ವಾ? ಹಾಗಾಗಿ ತೋರಿಸಿ. ಹೆಲ್ಮೆಟ್ ಹಾಕಿದವರು, ರೇನ್‌ಕೋಟಿನವರು, ರುಮಾಲು ಸುತ್ತಿದ ಅಜ್ಜ, ಬುರ್ಖಾ ಹಾಕಿದವರು, ಕೋಲು ಹಿಡಿದವರು, ಓಡಾಡುವ ಮಕ್ಕಳು, ಸಿಲಿಂಡರ್ ಉರುಳಿಸುವ ಸದ್ದು. ಲಸಿಕೆ ಪೂರ್ತಿ ಆಗಿರದಿದ್ದರೆ ನೆಲಕ್ಕೆ ಬಿಡಬೇಡಿ, ಎತ್ತಿಕೊಂಡೇ ಓಡಾಡಿ. ಹುಬ್ಬಳ್ಳಿಯಲ್ಲಿದ್ದು ಹಲಗೆ ಸದ್ದಿಗೆ ಹೆದರುವ ನಾಯಿ ಹೋಳಿಯಿಂದ ರಂಗಪಂಚಮಿ ತನಕ ಮಂಚದ ಕೆಳಗೇ ಇರುತ್ತದೆ. ಮೊಬೈಲಿನಲ್ಲಿ ಹಲಗೆ, ಪಟಾಕಿ ಸದ್ದು ಸಣ್ಣಗೆ ಹಾಕಿ, ಊಟ ಮಾಡುವಾಗ ಕೇಳಿಸಿ, ದಿನದಿನಕ್ಕೆ ಸ್ವಲ್ಪ ಸ್ವಲ್ಪ ಏರಿಸಿ. ಮರಿ ತಿನ್ನೋದು ಬಿಟ್ಟು ಕಿವಿ ಹಿಂದಕ್ಕೆ ಮಾಡಿದರೆ ಸದ್ದು ಜಾಸ್ತಿ ಆಯಿತು ಅಂತ ಅರ್ಥ. ಇಳಿಸಿ.

ಮೊದಲು ಕಲಿಸಬೇಕಾದದ್ದು ಬಾ, ಕುಂದ್ರು, ಬೇಡ, ಸಾಕು. ಅಪ್ಪ ಕುಂದ್ರು, ಮಗಳು ಸಿಟ್, ಅಜ್ಜಿ ಸುಮ್ಮಕಿರು ಅಂದರೆ ಯಾವ ನಾಯಿಗೂ ತಿಳಿಯುವುದಿಲ್ಲ, ಮನೆಯವರೆಲ್ಲ ಒಂದೇ ಮಾತಿಗೆ ಬನ್ನಿ. ದಿನಕ್ಕೆ ಐದೈದು ನಿಮಿಷ, ಎರಡು ಮೂರು ಸಲ ಸಾಕು. ಬಹುಮಾನಕ್ಕೆ ಬೇಯಿಸಿದ ಕೋಳಿ ಚೂರು, ಇಲ್ಲವೇ ಪನೀರು, ಕಡಲೆ ಕಾಳಿನಷ್ಟು. ಈರುಳ್ಳಿ ಹಾಕಿದ ಪಲ್ಯ, ದ್ರಾಕ್ಷಿ, ಚಾಕೊಲೇಟ್ ಮುಟ್ಟಿಸಲೇಬೇಡಿ, ಅವು ನಾಯಿಗೆ ವಿಷ.

ಈಗ ಬೊಗಳುವ ಪಾಠ. ನೀವು ನಾಯಿ ಜೊತೆ ಹಾಲ್‌ನಲ್ಲಿರಿ, ಮನೆಯವರೊಬ್ಬರು ಹೊರಗೆ ಹೋಗಿ ಗೇಟಿನ ಚಿಲಕ ಅಲ್ಲಾಡಿಸಲಿ. ಸದ್ದು ಬರುವ ಮೊದಲು ಮೆಲ್ಲಗೆ "ಯಾರು?" ಅನ್ನಿ. ನಾಯಿ ಎರಡು ಮೂರು ಸಲ ಬೊಗಳಲಿ, "ಶಾಬಾಸ್" ಅನ್ನಿ, ಎದ್ದು ಹೋಗಿ ಕಿಟಕಿಯಿಂದ ಒಮ್ಮೆ ನೋಡಿ. ಈ ನೋಡುವುದು ನಾಟಕವಲ್ಲ, ತಾನು ಹೇಳಿದ್ದನ್ನ ನೀವು ಕೇಳಿಸಿಕೊಂಡಿರಿ ಅಂತ ನಾಯಿಗೆ ಖಾತ್ರಿಯಾಗುವುದೇ ಅದರಿಂದ. ಆಮೇಲೆ ತಿರುಗಿ "ಸಾಕು" ಅಂತ ಒಂದೇ ಸಲ, ತಣ್ಣಗೆ ಹೇಳಿ, ಕೋಳಿ ಚೂರನ್ನ ಮೂಗಿನ ತುದಿಗೆ ಹಿಡಿಯಿರಿ. ಮೂಸಿ ನೋಡಲು ಬಾಯಿ ಮುಚ್ಚಲೇಬೇಕು. ಮುಚ್ಚಿತಾ, ಎರಡು ಸೆಕೆಂಡು ಕಾಯಿರಿ, ಕೊಡಿ. ನಾಳೆ ಐದು ಸೆಕೆಂಡು, ನಾಡಿದ್ದು ಹತ್ತು. ನೀವೇ "ಏಯ್, ಸುಮ್ಕಿರು!" ಅಂತ ಕಿರುಚಿದರೆ ನಾಯಿಗೆ ನೀವೂ ಜೊತೆಗೆ ಬೊಗಳುತ್ತಿದ್ದೀರಿ ಅನ್ನಿಸುತ್ತದೆ, ಇನ್ನೂ ಜೋರು ಮಾಡುತ್ತದೆ. ಸುಮ್ಮನಾದ ಮೇಲೆ ಬಾಗಿಲ ಪಕ್ಕದ ತನ್ನ ಚಾಪೆಗೆ ಹೋಗಿ ಕೂರುವುದನ್ನ ಸೇರಿಸಿ. ಅತಿಥಿ ಒಳಗೆ ಬಂದು ಕುಂತು ನೀರು ಕುಡಿಯುವವರೆಗೂ ಅದು ಚಾಪೆ ಮೇಲೇ ಇರಲಿ.

ಬೆಳಿಗ್ಗೆ, ಸಂಜೆ ಹಗ್ಗ ಹಿಡಿದು ಕಾಂಪೌಂಡಿನ ಒಳಸುತ್ತು ಒಂದು ರೌಂಡು ಹಾಕಿಸಿ. ತನ್ನ ಜಾಗ ಎಲ್ಲಿಗೆ ಮುಗಿಯುತ್ತದೆ ಅಂತ ಅದಕ್ಕೆ ತಿಳಿಯಲಿ. ರಸ್ತೆಯಲ್ಲಿ ಹೋಗುವವರಿಗೆ ಬೊಗಳಿದರೆ ಹೊಗಳಬೇಡಿ, ಸುಮ್ನೆ ಮುಂದೆ ನಡೆಯಿರಿ.

ವಿಷ ಹಾಕಿದ ತಿಂಡಿಯ ಭಯ ಎಲ್ಲರಿಗೂ ಇರುತ್ತದೆ. ಇದಕ್ಕೆ "ಬೇಡ" ಪಾಠ. ತಿಂಡಿಯನ್ನ ಮುಷ್ಟಿಯಲ್ಲಿ ಹಿಡಿದು ಮುಂದೆ ಚಾಚಿ. ನೆಕ್ಕುತ್ತದೆ, ಪಂಜದಿಂದ ಕೆರೆಯುತ್ತದೆ, ನೀವು ಮಾತಾಡಬೇಡಿ. ಬೇಸತ್ತು ಮುಖ ಹಿಂದಕ್ಕೆ ತೆಗೆದ ಕ್ಷಣ "ಶಾಬಾಸ್" ಅಂದು ಇನ್ನೊಂದು ಕೈಯಿಂದ ಅದಕ್ಕಿಂತ ರುಚಿಯಾದದ್ದು ಕೊಡಿ. ಆಮೇಲೆ ನೆಲದ ಮೇಲೆ ಇಟ್ಟು, ಆಮೇಲೆ ನಾಯಿಗೆ ಗುರುತಿಲ್ಲದ ಗೆಳೆಯರೊಬ್ಬರು ಗೋಡೆ ಮೇಲಿಂದ ಎಸೆದು. ಹಗ್ಗ ಕೈಯಲ್ಲಿರಲಿ, ಎಸೆದದ್ದು ಬಾಯಿಗೆ ಸಿಗಲೇಬಾರದು, ಒಂದು ಸಲ ಸಿಕ್ಕಿದರೆ ಪಾಠ ಹಿಂದಕ್ಕೆ ಹೋಗುತ್ತದೆ. ಊಟ ಯಾವಾಗಲೂ ಅದರ ಬಟ್ಟಲಲ್ಲೇ ಹಾಕಿ. ಆದರೂ ಹಸಿದ ನಾಯಿ ನೂರಕ್ಕೆ ನೂರು ಬಿಡುತ್ತದೆ ಅಂತ ನಂಬಬೇಡಿ. ರಾತ್ರಿ ಅಂಗಳದಲ್ಲಿ ಬಿಡುವ ಬದಲು ಮನೆ ಒಳಗೆ ಮಲಗಿಸುವುದೇ ಒಳ್ಳೇದು. ಅದರ ಕಿವಿಗೆ ಗೋಡೆ ಅಡ್ಡ ಬರುವುದಿಲ್ಲ, ಮತ್ತೆ ನಿಮ್ಮನ್ನ ಎಬ್ಬಿಸಲು ಹತ್ತಿರದಲ್ಲೇ ಇರುತ್ತದೆ.

ಹುಡುಗರ ಕೈಯಲ್ಲಿ ಗೋಣಿಚೀಲ ಕೊಟ್ಟು ರೇಗಿಸುವುದು, ಮೆಣಸಿನಪುಡಿ ತಿನ್ನಿಸುವುದು, ಕತ್ತಲ ಕೋಣೆಯಲ್ಲಿ ಕೂಡಿ ಹಾಕುವುದು, "ಖಡಕ್ ಆಗಲಿ" ಅಂತ ಹೊಡೆಯುವುದು, ಇದನ್ನೆಲ್ಲ ಮಾಡುವವರನ್ನ ಕಂಡರೆ ನನಗೆ ಸಿಟ್ಟು ಬರುತ್ತದೆ. ಹಾಗೆ ಬೆಳೆದ ನಾಯಿ ಕೊನೆಗೆ ಕಚ್ಚುವುದು ಪಕ್ಕದ ಮನೆ ಮಗುವನ್ನ, ಇಲ್ಲಾ ನಿಮ್ಮದೇ ಮಗುವನ್ನ. ಉದ್ದಕ್ಕೂ ಗಿಡ್ಡ ಸರಪಳಿಯಲ್ಲಿ ಕಟ್ಟಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ. ನಾಯಿಯಿಂದ ಜನರಿಗೆ ಅಪಾಯ ಆಗದಂತೆ ಮಾಲೀಕ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಇದೆ, ಆರು ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಮಕ್ಕಳಿರುವ ಮನೆಯವರಿಗೆ ಒಂದು ಮಾತು. ನಾಯಿ ಗುರ್ ಅಂದರೆ ಹೊಡೆಯಬೇಡಿ. ಅದು ಎಚ್ಚರಿಕೆ. ಹೊಡೆದು ಆ ಗುರ್ ನಿಲ್ಲಿಸಿದರೆ ಮುಂದಿನ ಸಲ ಹೇಳದೆ ಕೇಳದೆ ಬಾಯಿ ಹಾಕುತ್ತದೆ. ಮಗುವನ್ನ ದೂರ ಕರೆದು, ಯಾಕೆ ಗುರ್ ಅಂತು ಅಂತ ಹುಡುಕಿ. ಊಟ ಮಾಡುವಾಗ, ಮಲಗಿದಾಗ ಮಕ್ಕಳು ಮುಟ್ಟಬಾರದು. ರೇಬೀಸ್ ಲಸಿಕೆ ಮೂರು ತಿಂಗಳಿಗೆ ಮೊದಲನೆಯದು, ಆಮೇಲೆ ಡಾಕ್ಟರ್ ಹೇಳಿದ ಹಾಗೆ ತಪ್ಪದೆ. ಆಟದಲ್ಲಿ ಹಲ್ಲು ತಾಗಿ ಗಾಯ ಆದರೂ ಹದಿನೈದು ನಿಮಿಷ ಸೋಪು, ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಹಚ್ಚಬೇಡಿ. ಸಂತಾನಹರಣ ಮಾಡಿಸಿದರೆ ಕಾಯುವುದು ಬಿಡುತ್ತದೆ ಅನ್ನುವ ಮಾತನ್ನ ನಂಬಬೇಡಿ.

ಆರು ತಿಂಗಳ ಮರಿ ಮನೆ ಕಾಯಲಿಲ್ಲ ಅಂತ ಬೈಯಬೇಡಿ. ಜಾಗ ನನ್ನದು ಅನ್ನುವ ಭಾವನೆ ಗಟ್ಟಿಯಾಗಲು ಒಂದೂವರೆ ಎರಡು ವರ್ಷ ಬೇಕು.

ಇನ್ನೊಂದು. ಊರಿಗೆ ಹೋಗುವಾಗ ಊಟ ಹಾಕಲು ಒಬ್ಬರನ್ನ ಗೊತ್ತು ಮಾಡುತ್ತೀರಲ್ಲ, ಅವರನ್ನ ಒಂದು ವಾರ ಮೊದಲಿಂದಲೇ ಮನೆಗೆ ಕರೆಸಿ, ನಿಮ್ಮ ಎದುರಿಗೇ ಅದೇ ಬಟ್ಟಲಲ್ಲಿ ಅವರ ಕೈಯಿಂದ ಊಟ ಹಾಕಿಸಿ. ಹೊಸಬರು ಕೊಟ್ಟದ್ದು ಬೇಡ ಅಂತ ನೀವೇ ಕಲಿಸಿದ್ದೀರಿ, ಇದನ್ನ ಮಾಡದೆ ಹೋದರೆ ಅದು ಉಪವಾಸ ಕೂರುತ್ತದೆ.