ಒಂದು ಸೊನ್ನೆಗಾಗಿ ನಾಲ್ಕು ಭಾನುವಾರ

ವೀರಗಲ್ಲು ಓದುವ ಗೀಳು ಹತ್ತಿದ ಹೊಸತರಲ್ಲಿ ನಾನು ಸೀಮೆಸುಣ್ಣ ಹಿಡಿದು ಹೋಗುತ್ತಿದ್ದೆ. ಮೇಷ್ಟ್ರ ಜೇಬಿನಲ್ಲಿ ಇನ್ನೇನಿರುತ್ತದೆ? ಅಕ್ಷರ ಅಂತ ಅನಿಸಿದಲ್ಲೆಲ್ಲ ಸುಣ್ಣ ತುಂಬಿ, ಫೋಟೊ ತೆಗೆದು, ಮನೆಗೆ ಬಂದು ಓದುವುದು. ಇದರಲ್ಲೊಂದು ಮೋಸವಿದೆ. ನಾನು ಏನೆಂದುಕೊಂಡೆನೋ ಅದನ್ನೇ ಕಲ್ಲಿನ ಮೇಲೆ ಬರೆದು, ಆಮೇಲೆ ಕಲ್ಲೇ ಹಾಗೆ ಹೇಳಿತು ಎಂದು ನಂಬುತ್ತಿದ್ದೆ.

ಈ ಬುದ್ಧಿ ಬಂದದ್ದು ಶಿಕಾರಿಪುರ ಸೀಮೆಯ ಒಂದು ಊರಿನ ಕೆರೆ ಏರಿಯ ಕೆಳಗಿರುವ ಕಲ್ಲಿನಿಂದ. ಎದೆಮಟ್ಟದ ಕಲ್ಲು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು. ಇದರ ಕೆಳಗಿನ ಪಟ್ಟಿಕೆಯಲ್ಲಿ ಕತ್ತು ಎತ್ತಿದ ನಾಲ್ಕು ಹಸು, ಅವುಗಳ ಮುಂದೆ ಬಿಲ್ಲು ಹಿಡಿದವನೊಬ್ಬ. ತುರುಗೋಳು, ಅಂದರೆ ದನ ಹೊಡೆದುಕೊಂಡು ಹೋದವರ ಮೇಲೆ ಬಿದ್ದು ಸತ್ತವನ ಕಲ್ಲು. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಲಿಂಗ, ನಂದಿ, ಕೈಮುಗಿದು ಕುಳಿತ ಅವನೇ. ತುದಿಯಲ್ಲಿ ಸೂರ್ಯ, ಚಂದ್ರ. ಸತ್ತವನು ಜೈನನಾಗಿದ್ದರೆ ಲಿಂಗದ ಜಾಗದಲ್ಲಿ ಜಿನ ಇರುತ್ತಾನೆ. ಕಲ್ಲು ನಿಲ್ಲಿಸಿದ್ದು ಮನುಷ್ಯರಿಗೆ ಮಾತ್ರ ಅಂತಲೂ ಅಲ್ಲ. ಮದ್ದೂರು ಬಳಿಯ ಆತಕೂರಿನಲ್ಲಿ ಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಎಂಬ ಬೇಟೆನಾಯಿಗೂ ಕಲ್ಲು ಹಾಕಿಸಿದ್ದರು. ಸುಮಾರು 950ರ ಆ ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಪಟ್ಟಿಕೆಗಳ ನಡುವಿನ ಅಡ್ಡಪಟ್ಟಿಯಲ್ಲಿ ಬರಹವಿತ್ತು. ಎಣ್ಣೆ, ಕುಂಕುಮ, ಹಣತೆಯ ಮಸಿ ಸೇರಿ ಅಂಟಿನ ಹಾಗೆ ಗಟ್ಟಿಯಾಗಿತ್ತು. ಪಕ್ಕದ ಗದ್ದೆಯ ಅಜ್ಜನನ್ನು ಕೇಳಿದ್ದಕ್ಕೆ, "ತೊಳೀರಿ ಮೇಷ್ಟ್ರೇ, ಆದ್ರೆ ಕಬ್ಬಿಣ ಮುಟ್ಟಿಸ್‌ಬ್ಯಾಡಿ" ಎಂದರು. ಅವರು ಹೇಳಿದ್ದು ದೇವರ ಮಡಿಗಾಗಿ. ಆದರೆ ತಂತಿ ಬ್ರಷ್ ತಾಗಿದರೆ ಅಕ್ಷರದ ಅಂಚು ಹೋಯಿತೆಂದೇ ಲೆಕ್ಕ, ಹಾಗಾಗಿ ಅಜ್ಜನ ಮಾತು ಎರಡು ಕಡೆಯಿಂದಲೂ ಸರಿ. ಬಿಸಿನೀರು, ತೆಂಗಿನ ನಾರು, ಅರ್ಧ ದಿನ.

ಸ್ವಸ್ತಿ ಎದ್ದು ಬಂತು, ಶಕವರ್ಷ ಬಂತು. ೧, ೧, ೦. ನಾಲ್ಕನೆಯ ಅಂಕಿಯ ಜಾಗದಲ್ಲಿ ಚಕ್ಕೆ ಎದ್ದಿತ್ತು. ಅದರ ಮುಂದೆ ಸಾಲಿನ ಕೊನೆಯಲ್ಲಿ 'ಪ್ಲವ'. ಸವೆದ ಕಲ್ಲಿನಲ್ಲಿ ಪ, ವ, ಮ ಮೂರೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ, ಆದರೂ ಇದರಲ್ಲಿ ಅನುಮಾನವಿರಲಿಲ್ಲ. ಸುಣ್ಣ ತುಂಬಿದೆ. ೧೧೦ರಿಂದ ಶುರುವಾಗುವ ವರ್ಷಗಳಲ್ಲಿ ಪ್ಲವ ಸಂವತ್ಸರ ಬರುವುದು ಶಕ 1103ಕ್ಕೆ. 78 ಕೂಡಿಸಿದರೆ ಕ್ರಿ.ಶ. 1181. ಕಲಚುರಿ ಆಹವಮಲ್ಲನ ಕಾಲ. ರಾಜನ ಹೆಸರಿದ್ದ ಸಾಲು ಪೂರ್ತಿ ಅಳಿಸಿದ್ದರೂ ಕಾಲ ಸಿಕ್ಕಿತಲ್ಲ ಎಂದು ಬೀಗಿದೆ. ನಾಲ್ಕು ಜನರಿಗೆ ಹೇಳಿಯೂ ಬಿಟ್ಟೆ.

ತಿಂಗಳು ಕಳೆದ ಮೇಲೆ ಏಳನೇ ತರಗತಿಯ ಮಕ್ಕಳಿಗೆ ಸಂವತ್ಸರಗಳ ಹೆಸರು ಬಾಯಿಪಾಠ ಮಾಡಿಸುತ್ತಿದ್ದೆ. ಮೂವತ್ತೈದನೆಯದು ಪ್ಲವ. ಆರು ಹೆಸರು ದಾಟುವಷ್ಟರಲ್ಲಿ ಹುಡುಗಿಯೊಬ್ಬಳು ಪ್ಲವಂಗ ಎಂದಳು. ಅಲ್ಲೇ ನಿಂತುಬಿಟ್ಟೆ. ಪ್ಲವಂಗ ಎಂದರೆ ಶಕ 1109, ಅದೂ ೧೧೦ರಿಂದಲೇ ಶುರು! ಕ್ರಿ.ಶ. 1187. ಆರು ವರ್ಷ ತಾನೇ ಎನ್ನುವಂತಿಲ್ಲ. ಕಲಚುರಿ ಬಿಜ್ಜಳ ಚಾಲುಕ್ಯರಿಂದ ಕಿತ್ತುಕೊಂಡಿದ್ದ ರಾಜ್ಯವನ್ನು ಈ ನಡುವೆಯೇ ಚಾಲುಕ್ಯ ನಾಲ್ಕನೆಯ ಸೋಮೇಶ್ವರ ಮರಳಿ ಪಡೆದಿದ್ದ. ವ ಅಕ್ಷರದ ಪಕ್ಕ ಒಂದು ಸೊನ್ನೆ ಇದ್ದರೆ ಕಲ್ಲಿನ ರಾಜನೇ ಬೇರೆಯಾಗುತ್ತಾನೆ. ಅದರ ಮುಂದಿನ ಗ ಇರಬೇಕಾದ ಕೆಳಸಾಲಿನ ಎಡ ಅಂಚು ಒಡೆದುಹೋಗಿತ್ತು. ಉಳಿದ ಸಾಕ್ಷಿ ಸೊನ್ನೆಯೊಂದೇ, ಅದರ ಜಾಗದಲ್ಲಿ ನಾನೇ ಸುಣ್ಣದ ಗೆರೆ ಎಳೆದು ಮುಚ್ಚಿದ್ದೆ.

ಆಮೇಲಿನ ನಾಲ್ಕು ಭಾನುವಾರ ಅಲ್ಲೇ ಕಳೆಯಿತು. ಮೊದಲನೆಯದು ಸುಣ್ಣ ತೊಳೆಯಲಿಕ್ಕೆ. ಎರಡನೆಯದು ಮಳೆಗೆ. ಮೂರನೆಯ ಸಲ ಕತ್ತಲಾಗುವವರೆಗೆ ಕಾದು ಟಾರ್ಚನ್ನು ಕಲ್ಲಿನ ಬಲ ಅಂಚಿಗೆ ತಾಗಿಸಿ ಹಿಡಿದೆ. ಬೆಳಕು ಎದುರಿನಿಂದ ಬಿದ್ದರೆ ಕಲ್ಲು ಬರೀ ಕಲ್ಲು. ಅಡ್ಡಲಾಗಿ ಸವರಿದರೆ ಕೂದಲೆಳೆಯ ಕುಳಿಗೂ ನೆರಳು ಬರುತ್ತದೆ. ವ ಪಕ್ಕದಲ್ಲಿ ಹೆಸರುಕಾಳಿನಷ್ಟು ಸಣ್ಣ ಕುಳಿ ಕಂಡಿತು. ಉಳಿಯಿಂದ ಕೆತ್ತಿದ್ದೋ, ಬರೀ ಪೆಟ್ಟಿನದೋ?

ಅದಕ್ಕೇ ನಾಲ್ಕನೆಯ ವಾರ ಅಚ್ಚು ತೆಗೆದದ್ದು. ಒದ್ದೆ ಮಾಡಿದ ಕಾಗದವನ್ನು ಕಲ್ಲಿಗೆ ಅಂಟಿಸಿ, ಗಾಳಿಗುಳ್ಳೆ ಉಳಿಯದಂತೆ ಬ್ರಷ್‌ನಿಂದ ನೇರವಾಗಿ ಕುಟ್ಟಬೇಕು, ಉಜ್ಜಬಾರದು. ಕಾಗದ ಕುಳಿಗಳೊಳಗೆ ಇಳಿದು ಕೂರುತ್ತದೆ. ಅರ್ಧ ಆರಿದಾಗ ಬಟ್ಟೆ ಉಂಡೆಗೆ ಮಸಿ ಹಚ್ಚಿ ಮೆಲ್ಲಗೆ ತಟ್ಟುತ್ತಾ ಹೋದರೆ ಮೈಯೆಲ್ಲ ಕಪ್ಪಾಗಿ ಅಕ್ಷರ ಮಾತ್ರ ಬಿಳಿ ಉಳಿಯುತ್ತದೆ. ಮಸಿ ಹೆಚ್ಚಾದರೆ ಕಾಗದ ದಾಟಿ ಕಲ್ಲಿಗೇ ಇಳಿಯುತ್ತದೆ, ಆ ಭಯ ನನಗೆ ಈಗಲೂ ಇದೆ. ಸಂರಕ್ಷಿತ ಸ್ಮಾರಕವಾದರೆ ಪುರಾತತ್ವ ಇಲಾಖೆಯ ಅನುಮತಿಯಿಲ್ಲದೆ ಇದಕ್ಕೆ ಕೈ ಹಾಕುವಂತೆಯೇ ಇಲ್ಲ. ಇದು ಊರವರ ಕಲ್ಲು, ಊರವರನ್ನು ಕೇಳಿದ್ದೆ. ಮೊದಲ ಎರಡು ಕಾಗದ ಹರಿದವು. ಮೂರನೆಯದರಲ್ಲಿ ಸಾಲಿನ ಕೊನೆಗೆ ದುಂಡಗೆ, ಬೆಳ್ಳಗೆ, ಪಕ್ಕದ ಸಾಲಿನ ಸೊನ್ನೆಗಳಷ್ಟೇ ಅಳತೆಯಲ್ಲಿ ಅದು ಕುಳಿತಿತ್ತು. ಪ್ಲವಂಗ.

ಅಜ್ಜ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಹೆಸರು ಸಿಕ್ತಾ?" ಎಂದು ಕೇಳಿದರು.

"ವರ್ಷ ಸಿಕ್ತು ಅಜ್ಜಾ. ಹೆಸರಿದ್ದ ಕಡೆ ಒಡೆದು ಹೋಗಿದೆ."

"ವರ್ಷ ತಗಂಡು ಏನ್ ಮಾಡ್ತೀರಿ?" ಎಂದು ನಕ್ಕರು.

ದೀಪಾವಳಿಯಾದ ಮೇಲೆ ಆ ದಾರಿಯಲ್ಲಿ ಹೋದೆ. ದನಗಳ ಕೋಡಿಗೆ ಹಚ್ಚಿ ಉಳಿದಿದ್ದ ಕೆಂಪು ಬಣ್ಣವನ್ನು ಕಲ್ಲಿಗೂ ದಪ್ಪಗೆ ಬಳಿದಿದ್ದರು. ಸೊನ್ನೆ ಮುಚ್ಚಿಹೋಗಿತ್ತು. ಕೆಳಗಿನ ಪಟ್ಟಿಕೆಯ ನಾಲ್ಕು ಹಸುಗಳ ಕೊರಳಿಗೂ ಯಾರೋ ಚೆಂಡುಹೂವಿನ ಎಸಳು ಅಂಟಿಸಿದ್ದರು.