ಕ್ರೀಟ್ ದ್ವೀಪದಲ್ಲಿ ಅಮ್ಮನ ಜೊತೆ ಹನ್ನೆರಡು ದಿನದ ಊಟ

ಹೋದ ವರ್ಷ ಆಗಸ್ಟ್‌ನಲ್ಲಿ ಅಮ್ಮನನ್ನು ಕರೆದುಕೊಂಡು ಗ್ರೀಸಿನ ಕ್ರೀಟ್ ದ್ವೀಪಕ್ಕೆ ಹೋಗಿದ್ದೆ. ನಾನಿರುವುದು ಜರ್ಮನಿಯಲ್ಲಿ. ಅಮ್ಮ ಸಾಗರದಿಂದ ಬಂದು ಎರಡು ತಿಂಗಳಾಗಿತ್ತು. ಅವಳು ಮೀನು, ಮಾಂಸ, ಮೊಟ್ಟೆ ಯಾವುದನ್ನೂ ಮುಟ್ಟುವವಳಲ್ಲ. ಸಮುದ್ರದ ನಡುವಿನ ದ್ವೀಪ, ಅಲ್ಲಿ ಊಟಕ್ಕೆ ಏನು ಮಾಡ್ತೀರಿ ಅಂತ ಎಲ್ಲರೂ ಕೇಳಿದರು. ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡೇ ಹೊರಟೆವು.

ನಾವು ಇಳಿದಿದ್ದು ಚಾನಿಯಾ ಊರಿನಲ್ಲಿ. ಅಲ್ಲಿಯವರು ಅದನ್ನು 'ಹನ್ಯಾ' ಅನ್ನುತ್ತಾರೆ. ವೆನಿಸ್ ಆಳ್ವಿಕೆ ಕಾಲದ ಹಳೇ ಬಂದರು, ಎದುರಿಗೆ ದೀಪಸ್ತಂಭ, ನೀರಿನ ಅಂಚಿಗೇ ಸಾಲು ಸಾಲು ಮೇಜು. ಮೊದಲ ಸಂಜೆ ಅಲ್ಲೇ ಒಂದು ಕಡೆ ಕೂತೆವು. ಅಮ್ಮನಿಗೆ ಅನ್ನ ಸಿಕ್ಕಿದರೆ ಸಾಕಿತ್ತು. ಮೆನುವಿನಲ್ಲಿ 'ಗಾಮೊಪಿಲಾಫೊ' ಅಂತ ಒಂದಿತ್ತು, ಮದುವೆ ಅನ್ನ. ಮಾಂಸ ಇದೆಯಾ ಅಂತ ಕೇಳಿದೆ. ಇಲ್ಲ, ಬರೀ ಅನ್ನ ಅಂದರು. ಬಂದಿದ್ದೂ ಬೆಳ್ಳಗೆ, ಮೆತ್ತಗೆ, ನಿಂಬೆ ಹಿಂಡಿದ ಅನ್ನವೇ. ನಾಲ್ಕು ಚಮಚ ತಿಂದ ಮೇಲೆ ಅಮ್ಮ, "ಇದರಲ್ಲಿ ಏನೋ ಇದೆ ಕಣೇ" ಅಂದಳು. ಮತ್ತೆ ಕೇಳಿದಾಗ ಗೊತ್ತಾಯಿತು, ಅದನ್ನು ಬೇಯಿಸುವುದೇ ಮಾಂಸ ಬೇಯಿಸಿದ ನೀರಿನಲ್ಲಿ. ಅಮ್ಮ ಬೈಯಲಿಲ್ಲ. ತಟ್ಟೆ ಸರಿಸಿ ನೀರು ಕುಡಿದಳು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಮಾಂಸ ಇದೆಯಾ ಅಂತ ಕೇಳಿದ್ದೆನೇ ಹೊರತು, ಯಾವುದರಲ್ಲಿ ಬೇಯಿಸುತ್ತೀರಿ ಅಂತ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ, ನಾವು ಉಳಿದಿದ್ದ ರೂಮಿನ ಒಡತಿಗೆ ಇದನ್ನೆಲ್ಲ ಹೇಳಿಕೊಂಡೆ. ಅವರು ಒಂದೇ ಒಂದು ಪದ ಕಲಿಸಿದರು: 'ನಿಸ್ತೀಸಿಮೊ'. ಉಪವಾಸದ ಊಟ ಅಂತ ಅರ್ಥ. ನಮ್ಮ ಅದೃಷ್ಟ, ನಾವು ಹೋದ ದಿನಗಳೇ ಹಾಗಿದ್ದವು. ಆಗಸ್ಟ್ 15 ಮೇರಿ ಮಾತೆಯ ದೊಡ್ಡ ಹಬ್ಬ. ಅದಕ್ಕೆ ಮುಂಚೆ 1ರಿಂದ 14ರವರೆಗೆ ಆರ್ಥೊಡಾಕ್ಸ್ ಕ್ರೈಸ್ತರಲ್ಲಿ ಆಚರಣೆ ಇಟ್ಟುಕೊಂಡವರು ಮಾಂಸ, ಹಾಲು, ಮೊಟ್ಟೆ ಬಿಡುತ್ತಾರೆ. ಮೀನೂ ಇಲ್ಲ, 6ನೇ ತಾರೀಖಿನ ಹಬ್ಬದ ದಿನ ಮಾತ್ರ ಅದಕ್ಕೆ ಅವಕಾಶ. ಅಮ್ಮನಿಗೆ ಇದನ್ನು ಹೇಳಿದಾಗ ಅವಳ ಮುಖವೇ ಬದಲಾಯಿತು. "ಹಾಗಾದರೆ ಇಲ್ಲೂ ಒಪ್ಪತ್ತು ಮಾಡುವವರಿದ್ದಾರೆ" ಅಂದಳು.

ಆದರೆ ಒಂದು ಎಚ್ಚರ ಬೇಕು. ಸೀಗಡಿ, ಆಕ್ಟೋಪಸ್, ಸ್ಕ್ವಿಡ್‌ನಂಥವು ಅವರ ಲೆಕ್ಕದಲ್ಲಿ ಉಪವಾಸಕ್ಕೆ ನಡೆಯುತ್ತವೆ. ಹಾಗಾಗಿ ನಿಸ್ತೀಸಿಮೊ ಅಂದು ಸುಮ್ನೆ ಕೂತರೆ ಸಾಲದು. ನಾನು ಒಂದು ಚೀಟಿಯಲ್ಲಿ ಬರೆಸಿಕೊಂಡೆ: 'ಹೋರಿಸ್ ಕ್ರೆಯಾಸ್, ಹೋರಿಸ್ ಪ್ಸಾರಿ, ಹೋರಿಸ್ ಜೊಮೊ'. ಮಾಂಸ ಬೇಡ, ಮೀನು ಬೇಡ, ಮಾಂಸದ ಸಾರು ಬೇಡ. ಮೊಟ್ಟೆಗೆ 'ಅವ್ಗಾ', ಸೀಗಡಿಗೆ 'ಗರೀದೆಸ್'. ಇನ್ನೊಂದು ವಿಷಯ, ಗ್ರೀಕ್‌ನಲ್ಲಿ 'ನೆ' ಅಂದರೆ ಹೌದು, 'ಓಹಿ' ಅಂದರೆ ಇಲ್ಲ. ಕೆಲವರು ಬಾಯೇ ತೆರೆಯುವುದಿಲ್ಲ. ಹುಬ್ಬು ಮೇಲೆತ್ತಿ, ನಾಲಿಗೆ ಲೊಚ್ಚೆಂದರೆ ಇಲ್ಲ ಅಂತ. ಇದು ಅಮ್ಮನಿಗೆ ನನಗಿಂತ ಬೇಗ ಅರ್ಥವಾಯಿತು. ನಮ್ಮಲ್ಲೂ ಹಾಗೇ ತಾನೇ?

ಆಮೇಲೆ ಬಂದರಿನ ಸಾಲು ಬಿಟ್ಟು ಹಿಂದಿನ ಬೀದಿಗಳಿಗೆ ಹೋದೆವು. ಅಲ್ಲಿನ ಹಳೇ ತಾವೆರ್ನಾಗಳಲ್ಲಿ, ಅಂದರೆ ಮನೆಮಂದಿ ನಡೆಸುವ ಊಟದ ಹೋಟೆಲುಗಳಲ್ಲಿ, ಎರಡು ಥರದ ಅಡುಗೆ. ಆರ್ಡರ್ ಕೊಟ್ಟ ಮೇಲೆ ಸುಟ್ಟೋ ಕರಿದೋ ಕೊಡುವುದು 'ತಿಸ್ ಓರಾಸ್'. ಅದರಲ್ಲಿ ಜಾಸ್ತಿ ಮಾಂಸ, ಮೀನು. ಬೆಳಿಗ್ಗೆಯೇ ದೊಡ್ಡ ಪಾತ್ರೆಗಳಲ್ಲಿ ಮಾಡಿಟ್ಟಿದ್ದು 'ಮಯೀರೆಫ್ತಾ'. ನಮಗೆ ಬೇಕಾದ್ದೆಲ್ಲ ಈ ಎರಡನೆಯದರಲ್ಲಿತ್ತು. ಮೆನು ನೋಡುವುದನ್ನೇ ಬಿಟ್ಟೆವು. ಒಳಗೆ ಬಂದು ನೋಡಬಹುದಾ ಅಂತ ಕೇಳಿದರೆ ಎಷ್ಟೋ ಕಡೆ ಖುಷಿಯಿಂದ ಕರೆದು ಮುಚ್ಚಳ ತೆಗೆದು ತೋರಿಸಿದರು.

ಆ ಪಾತ್ರೆಗಳಲ್ಲಿ ಏನಿತ್ತು ಅಂದರೆ, ಟೊಮೆಟೊದಲ್ಲಿ ಬೆಂದ ಬೆಂಡೆಕಾಯಿ. ಹುರುಳಿಕಾಯಿ. ಬದನೆ, ಆಲೂಗಡ್ಡೆ, ಝುಕಿನಿ ಒಟ್ಟಿಗೆ ಓವನ್‌ನಲ್ಲಿಟ್ಟ 'ಬ್ರಿಯಾಮ್'. ಹೆಬ್ಬೆರಳು ಗಾತ್ರದ ಬಿಳಿ ಕಾಳಿನ 'ಯೀಗಾಂದೆಸ್'. ಟೊಮೆಟೊ, ದಪ್ಪ ಮೆಣಸಿನಕಾಯಿಗೆ ಅಕ್ಕಿ ತುಂಬಿದ 'ಯೆಮಿಸ್ತಾ'. ಇದಕ್ಕೆ ಕೆಲವರು ಕೈಮಾ ಸೇರಿಸುತ್ತಾರೆ, ಕೇಳಲೇಬೇಕು. ಎಲ್ಲದಕ್ಕೂ ಧಾರಾಳವಾಗಿ ಆಲಿವ್ ಎಣ್ಣೆ. ಬಿಸಿಬಿಸಿ ಇರುವುದಿಲ್ಲ, ಉಗುರುಬೆಚ್ಚಗೆ ಕೊಡುತ್ತಾರೆ. ಅಮ್ಮನಿಗೆ ಮೊದಲ ದಿನ ಅದು ಸರಿಬರಲಿಲ್ಲ. ಆದರೆ ಆ ಧಗೆಯಲ್ಲಿ ಬಿಸಿ ಊಟ ಯಾರಿಗೆ ಬೇಕು? ಎರಡನೇ ದಿನದಿಂದ ಅವಳೂ ಕೇಳಲಿಲ್ಲ.

ಸಮಯವೂ ಮುಖ್ಯ. ಮಧ್ಯಾಹ್ನ ಒಂದರಿಂದ ಎರಡರೊಳಗೆ ಹೋದರೆ ಪಾತ್ರೆ ತುಂಬಿರುತ್ತದೆ, ಜನ ಕಡಿಮೆ. ಊರಿನವರು ಬರುವುದೇ ಎರಡರ ಮೇಲೆ. ರಾತ್ರಿ ಒಂಬತ್ತಕ್ಕೆ ಅವರು ಊಟಕ್ಕೆ ಹೊರಡುವ ಹೊತ್ತಿಗೆ ಬೆಂಡೆಕಾಯಿ ಖಾಲಿಯಾಗಿರುತ್ತಿತ್ತು. ಅದಕ್ಕೇ ನಾವು ಮಧ್ಯಾಹ್ನ ಹೊಟ್ಟೆ ತುಂಬಾ ಊಟ ಮಾಡಿ, ರಾತ್ರಿಗೆ 'ದಾಕೋಸ್' ಇಟ್ಟುಕೊಂಡೆವು. ಬಾರ್ಲಿಯ ಗಟ್ಟಿ ರಸ್ಕ್ ಮೇಲೆ ತುರಿದ ಟೊಮೆಟೊ, ಅದರ ಮೇಲೆ ಮೆತ್ತಗಿನ ಮಿಜೀತ್ರಾ ಚೀಸ್, ಎಣ್ಣೆ, ಒಣಗಿದ ಒರೆಗಾನೊ ಎಲೆ. ಬಂದ ಕೂಡಲೇ ಕಚ್ಚಲು ಹೋಗಬೇಡಿ, ಹಲ್ಲಿಗೆ ಪೆಟ್ಟಾಗುತ್ತೆ. ಹತ್ತು ನಿಮಿಷ ಬಿಟ್ಟರೆ ಟೊಮೆಟೊ ರಸ ಇಳಿದು ರಸ್ಕ್ ಮೆತ್ತಗಾಗುತ್ತದೆ.

ಇವೆಲ್ಲದಕ್ಕಿಂತ ನನಗೆ ನೆನಪಿರುವುದು ಐದನೇ ದಿನದ ಮಧ್ಯಾಹ್ನ. ಸೊಪ್ಪು ಬೇಕು ಅಂತ 'ಹೋರ್ತಾ' ಹೇಳಿದ್ದೆ. ಬೇಯಿಸಿದ ಸೊಪ್ಪಿಗೆ ಎಣ್ಣೆ ಹಾಕಿ, ಪಕ್ಕಕ್ಕೆ ಅರ್ಧ ನಿಂಬೆ ಇಟ್ಟು ತಂದರು. ಅಮ್ಮ ಒಂದು ದಂಟು ಎತ್ತಿ, ಬೆರಳಲ್ಲಿ ಹಿಚುಕಿ, ಕಚ್ಚಿ ನೋಡಿದಳು. "ಇದು ಹರಿವೆ ಸೊಪ್ಪು ಅಲ್ವೇನೇ?" ಹೌದು, ಹರಿವೆಯ ಜಾತಿಯದೇ. ಕ್ರೀಟ್‌ನಲ್ಲಿ ಅದಕ್ಕೆ 'ವ್ಲೀತಾ' ಅನ್ನುತ್ತಾರೆ. ಚಳಿಗಾಲದಲ್ಲಿ ಗುಡ್ಡದ ಬೇರೆ ಬೇರೆ ಕಾಡುಸೊಪ್ಪು ಸಿಗುತ್ತದೆ, ಬೇಸಿಗೆಯ ಸೊಪ್ಪು ಇದು. ಅಮ್ಮ ಬ್ಯಾಗಿನಿಂದ ಚಟ್ನಿಪುಡಿ ತೆಗೆದು, ಜೊತೆಗೆ ಹಳದಿ ಬೇಳೆಯ 'ಫಾವಾ' ತರಿಸಿಕೊಂಡಳು. ಅದು ಒಗ್ಗರಣೆ ಇಲ್ಲದ ತೊವ್ವೆಯೇ, ಸ್ವಲ್ಪ ಗಟ್ಟಿ ಅಷ್ಟೇ. ಅವತ್ತು ಅವಳು ಊಟ ಮಾಡಿದ್ದನ್ನು ನೋಡಿ ನನ್ನ ಎದೆಯ ಭಾರ ಇಳಿಯಿತು.

ಬಿಲ್ಲಿನ ವಿಷಯ ಬೇಗ ಹೇಳಿಬಿಡುತ್ತೇನೆ. ಕೂತ ತಕ್ಷಣ ಬರುವ ಬ್ರೆಡ್ಡಿಗೆ ತಲೆಗಿಷ್ಟು ಅಂತ ದುಡ್ಡು ಹಾಕುವುದು ಅಲ್ಲಿ ಮಾಮೂಲಿ. ಮೀನು ತಿನ್ನುವವರು ನೋಡಿಕೊಳ್ಳಿ, ಮೆನುವಿನಲ್ಲಿರುವ ಬೆಲೆ ಎಷ್ಟೋ ಸಲ ಕಿಲೋ ಲೆಕ್ಕ. ರಸೀದಿ ಕೊಡದಿದ್ದರೆ ಗ್ರಾಹಕ ದುಡ್ಡು ಕೊಡಬೇಕಿಲ್ಲ ಅಂತ ಮೆನುವಿನಲ್ಲೇ ಅಚ್ಚು ಹಾಕಿರುತ್ತಾರೆ, ಹಾಗಾಗಿ ರಸೀದಿ ಕೇಳಲು ಸಂಕೋಚ ಬೇಡ. ಕೊನೆಗೆ ಕಲ್ಲಂಗಡಿ ಹೋಳು, ಜೊತೆಗೆ ದ್ರಾಕ್ಷಿಯಿಂದ ಭಟ್ಟಿ ಇಳಿಸಿದ ರಾಕಿಯ ಪುಟ್ಟ ಬಾಟಲಿ ಬರುತ್ತದೆ. ಅದು ಮನೆಯವರ ಉಪಚಾರ, ಬಿಲ್ಲಿಗೆ ಸೇರುವುದಿಲ್ಲ. ನಾವು ಹಣ್ಣು ತಿಂದು ಕೈ ಮುಗಿದೆವು, ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

15ನೇ ತಾರೀಖು ಬಂದಾಗ ನಾವು ದಕ್ಷಿಣ ತೀರದ ಲೂತ್ರೊದಲ್ಲಿದ್ದೆವು. ಅಲ್ಲಿಗೆ ರಸ್ತೆಯಿಲ್ಲ, ದೋಣಿಯಲ್ಲಿ ಹೋಗಬೇಕು, ಇಲ್ಲಾ ನಡೆಯಬೇಕು. ಉಪವಾಸ ಮುಗಿದ ದಿನ, ಎಲ್ಲ ಕಡೆ ಮಾಂಸದ ಅಡುಗೆಯ ವಾಸನೆ. ಅವತ್ತು ಮಾತ್ರ ಕಟ್ಟಿಕೊಂಡು ಹೋಗಿದ್ದ ಅವಲಕ್ಕಿ ಕೈಹಿಡಿಯಿತು.

ಮರುದಿನ ದೋಣಿಯಲ್ಲಿ ಹೋರಾ ಸ್ಫಾಕಿಯೋನ್‌ಗೆ ಬಂದು, ಬಸ್ಸಿಗೆ ಕಾಯುತ್ತಾ ಒಂದು ತಾವೆರ್ನಾದಲ್ಲಿ ಕೂತೆವು. ಅಲ್ಲಿಯ ವಿಶೇಷ 'ಸ್ಫಾಕಿಯಾನಿ ಪೀತಾ'. ಅಡುಗೆಮನೆ ಬಾಗಿಲ ಹತ್ತಿರವೇ ವಯಸ್ಸಾದ ಹೆಂಗಸೊಬ್ಬರು ಮಾಡುತ್ತಿದ್ದರು. ಹಿಟ್ಟಿನ ಉಂಡೆ ಅಂಗೈಯಲ್ಲಿ ಅಗಲ ಮಾಡಿ, ಒಳಗೆ ಮಿಜೀತ್ರಾ ಉಂಡೆ ಇಟ್ಟು, ಅಂಚು ಎಳೆದು ಮುಚ್ಚಿ, ತೆಳ್ಳಗೆ ತಟ್ಟಿ ಕಾವಲಿಗೆ ಹಾಕುವುದು. ಬೆಂದ ಮೇಲೆ ಮೇಲಿಂದ ಜೇನುತುಪ್ಪ. ಅಮ್ಮ ಎದ್ದು ಹೋಗಿ ಪಕ್ಕದಲ್ಲೇ ನಿಂತಳು. ಮೊಟ್ಟೆ ಇದೆಯಾ ಕೇಳಿದೆ, ಲೊಚ್ಚ್ ಅಂದರು. ಆದರೆ ಹಿಟ್ಟಿಗೆ ಸ್ವಲ್ಪ ರಾಕಿ ಹಾಕುತ್ತಾರೆ. ಅನ್ನದ ವಿಷಯ ಆದ ಮೇಲೆ ನಾನು ಏನನ್ನೂ ಮುಚ್ಚಿಡುತ್ತಿರಲಿಲ್ಲ, ಅದನ್ನೂ ಅಮ್ಮನಿಗೆ ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಕಾವಲಿ ಮೇಲೆ ಆರಿಹೋಗುತ್ತೆ ಬಿಡು" ಅಂದಳು. ಅಷ್ಟರಲ್ಲಿ ಆ ಅಜ್ಜಿ ಒಂದು ಉಂಡೆ ಹಿಟ್ಟನ್ನು ಅಮ್ಮನ ಕಡೆ ನೀಡಿದರು. ಅಮ್ಮ ಕೈ ತೊಳೆದುಕೊಂಡು, ಬಳೆ ಮೇಲೆ ಸರಿಸಿ, ಹೋಳಿಗೆಗೆ ಹೂರಣ ತುಂಬುವ ಹಾಗೇ ಅಂಚು ಮುಚ್ಚತೊಡಗಿದಳು. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು.